140 ಸಾಲು, ಕೋಟಿ ಕೋಟಿ ಸುನೀತ

ಫ್ರೆಂಚ್ ಕವಿ ರೇಮೊಂ ಕೆನೊ ಹದಿನಾಲ್ಕು ಸಾಲಿನ ಐದಾರು ಸುನೀತ ಬರೆದು ಮುಂದೆ ಸಾಗದೆ ಕೂತಿದ್ದ. ಬೇಕಾಗಿದ್ದದ್ದು ಹತ್ತು. ಒಂದರ ಮೊದಲ ಸಾಲಿಗೆ ಇನ್ನೊಂದರ ಎರಡನೆಯದು, ಮತ್ತೊಂದರ ಮೂರನೆಯದು, ಹೀಗೆ ಹೇಗೆ ಜೋಡಿಸಿದರೂ ಪ್ರಾಸ ತಪ್ಪಬಾರದು, ವಾಕ್ಯ ಮುರಿಯಬಾರದು. ಆಗ ಬೆನ್ನಿಗೆ ನಿಂತವನು ಗೆಳೆಯ ಫ್ರಾಂಸ್ವಾ ಲ ಲಿಯೊನೆ, ಗಣಿತ ಮತ್ತು ಚದುರಂಗದ ಹುಚ್ಚಿನ ಎಂಜಿನಿಯರ್. ಇಬ್ಬರ ಮಾತುಕತೆಯಿಂದಲೇ 1960ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ‘ಉಲಿಪೊ’ ಕೂಟ ಹುಟ್ಟಿತು. ತಾವೇ ಹಾಕಿಕೊಂಡ ಕಟ್ಟಳೆಯೊಳಗೆ ಬರೆಯುವುದು ಅವರ ಹಾದಿ.

ಕೆನೊ ಮೊದಲು ಸರ್ರಿಯಲಿಸ್ಟರ ಜೊತೆಗಿದ್ದವನು. ಅವರ ನಾಯಕ ಆಂದ್ರೆ ಬ್ರೆತೊಂ ಜೊತೆ ಸಂಬಂಧ ಕೆಟ್ಟು ಹೊರಬಿದ್ದ. ಆ ಮುನಿಸು ಮೂವತ್ತು ವರ್ಷವಾದರೂ ಆರಿರಲಿಲ್ಲವೇನೋ. ಸುನೀತಗಳಿಗೆ ಪ್ರೇರಣೆ ಸರ್ರಿಯಲಿಸ್ಟರ ಆಟಗಳಿಗಿಂತ ಹೆಚ್ಚಾಗಿ ಮಕ್ಕಳ ಚಿತ್ರಪುಸ್ತಕವೊಂದು ಎಂದು ಮುನ್ನುಡಿಯಲ್ಲೇ ಬರೆದುಬಿಟ್ಟ.

1961ರಲ್ಲಿ ಗಾಲಿಮಾರ್ ಪ್ರಕಾಶನದಿಂದ ಪುಸ್ತಕ ಬಂತು. ಹತ್ತು ಹಾಳೆ, ಹಾಳೆಗೊಂದು ಸುನೀತ, ಹದಿನಾಲ್ಕು ಸಾಲಿಗೂ ಒಂದೊಂದು ಪಟ್ಟಿಯಾಗಿ ಕತ್ತರಿಸಿದ ಕಾಗದ. ಬೇಕಾದ ಪಟ್ಟಿ ಮಗುಚಿದರೆ ಪಾಂಪಾ ಬಯಲಿನ ರಾಜನ ಜಾಗಕ್ಕೆ ಪಾರ್ಥೆನಾನ್ ಶಿಲ್ಪದ ಕುದುರೆ ಬಂದು ನಿಲ್ಲುತ್ತದೆ. ಒಟ್ಟು ಸಾಧ್ಯತೆ ಹತ್ತರ ಹದಿನಾಲ್ಕನೇ ಘಾತ, ನಮ್ಮ ಲೆಕ್ಕದಲ್ಲಿ ಕೋಟಿ ಕೋಟಿ. ಕವಿತೆಗೆ ಒಂದು ನಿಮಿಷದಂತೆ ಹಗಲಿರುಳು ಓದಿದರೂ 19 ಕೋಟಿ ವರ್ಷ ಬೇಕು.

ಈ ಅಂಕಿಯನ್ನೇ ಎಲ್ಲರೂ ನೆನಪಿಟ್ಟರು. ನನಗೆ ಬೇಸರವಾಗುವುದು ಅದಕ್ಕೇ. ಗುಣಾಕಾರ ಯಾರ ಕೈಲೂ ಆಗುತ್ತದೆ. ಕೆನೊ ಬೆವರು ಸುರಿಸಿದ್ದು 140 ಸಾಲಿಗೆ. ಹತ್ತೂ ಸುನೀತಕ್ಕೆ ಒಂದೇ ಪ್ರಾಸ, ಒಂದೇ ವಾಕ್ಯರಚನೆ. ಮೊದಲೆರಡು ಚೌಪದಿಗಳ ಒಂದೊಂದು ಪ್ರಾಸಕ್ಕೂ ಕನಿಷ್ಠ ನಲವತ್ತು ಬೇರೆ ಬೇರೆ ಪದ ಸಿಗಬೇಕಿತ್ತು. ಪ್ರಾಸ ತೀರಾ ಸವೆದದ್ದೂ ಆಗಬಾರದು, ಅಪರೂಪದ್ದೂ ಆಗಬಾರದು. ಈಗ ಪರದೆಯ ಮೇಲೆ ಗುಂಡಿ ಒತ್ತಿದರೆ ಸುನೀತ ಉದುರುತ್ತದೆ, ಆದರೆ ಯಾವ ಸಾಲು ಇರಲಿ, ಯಾವುದು ಹೋಗಲಿ ಎಂದು ಬೆರಳು ತಡೆದು ಆರಿಸುತ್ತಿದ್ದ ಸುಖ ಅಲ್ಲಿಲ್ಲ. ಓದುಗನನ್ನೂ ಕವಿಯ ಕೆಲಸಕ್ಕೆ ಸೇರಿಸಿಕೊಂಡಿದ್ದ ಪುಸ್ತಕ ಹೀಗೆ ಬರೀ ನೋಟವಾಗುತ್ತಿರುವುದು ನಿಜವಾದ ನಷ್ಟ.

ಕನ್ನಡದಲ್ಲಿ ಸುನೀತ ಬರೆಯುವ ಹುಡುಗ ಹುಡುಗಿಯರು ಕೆನೊನ ಈ ಕಟ್ಟಳೆಗೊಮ್ಮೆ ಕೈಹಚ್ಚಿ ನೋಡಬೇಕು. ನಮ್ಮ ಕ್ರಿಯಾಪದ ಲಿಂಗ, ವಚನಗಳನ್ನು ಬಾಲದಲ್ಲೇ ಹೊತ್ತಿರುತ್ತದೆ. ‘ಅವನು’ ಇದ್ದ ಸಾಲಿನ ಕೆಳಗೆ ‘ಬಂದಳು’ ಬಂದು ಕೂತರೆ ಕಟ್ಟಡವೇ ಬಿತ್ತು. ಹತ್ತು ಬೇಡ, ಎರಡು ಸುನೀತ ಸಾಕು: 16,384 ಕವಿತೆ ಹುಟ್ಟುತ್ತವೆ. ಬರೆಯಬೇಕಾದದ್ದು ಇಪ್ಪತ್ತೆಂಟೇ ಸಾಲು, ಆದರೆ ಒಂದೊಂದೂ ಅಪರಿಚಿತರ ಪಕ್ಕದಲ್ಲಿ ಗಟ್ಟಿಯಾಗಿ ನಿಲ್ಲುವಂತಿರಬೇಕು. ಭಾಷೆಯ ಕೀಲು ಎಲ್ಲೆಲ್ಲಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ನನಗೆ ಕಂಡಿಲ್ಲ.