ಬೀದಿಗೊಂದು ತೊರೆ ಹರಿಯುವ ಊರು

ಸ್ವಿಟ್ಜರ್ಲೆಂಡಿನ ದಾರಿಯಲ್ಲಿ ತಂಗಲೆಂದು ಜರ್ಮನಿಯ ಫ್ರೈಬುರ್ಗ್‌ನಲ್ಲಿ ಇಳಿದೆವು. 116 ಮೀಟರ್ ಎತ್ತರದ ಗೋಪುರವಿರುವ ಮ್ಯುನ್‌ಸ್ಟರ್ ಚರ್ಚನ್ನು ಮಗಳು ತಲೆಯೆತ್ತಿಯೂ ನೋಡಲಿಲ್ಲ. ಬೀದಿಯಂಚಿನಲ್ಲಿ ಹರಿಯುತ್ತಿದ್ದ ನೀರಿಗೆ ಕಾಲು ಇಳಿಬಿಟ್ಟು ಕೂತವಳನ್ನು ಎಬ್ಬಿಸುವುದೇ ಕಷ್ಟವಾಯಿತು.

ಈ ನೀರಿನ ಹೆಸರು ಬೆಷ್ಲೆ. ನೋಡಲು ನಮ್ಮ ಅಡಿಕೆ ತೋಟದ ಬಸಿಗಾಲುವೆಯಷ್ಟೇ ಅಗಲ. ಡ್ರೈಸಾಮ್ ನದಿಯಿಂದ ತಿರುಗಿಸಿದ ನೀರು, ಪಂಪಿನ ಹಂಗಿಲ್ಲದೆ, ಊರಿನ ಇಳಿಜಾರನ್ನೇ ನಂಬಿ 15 ಕಿ.ಮೀ.ಗೂ ಹೆಚ್ಚು ಸುತ್ತುತ್ತದೆ. ಬೆಂಕಿ ಆರಿಸಲು, ದನಕರುಗಳಿಗೆ ಕುಡಿಸಲು ಮಧ್ಯಯುಗದಲ್ಲೇ ಮಾಡಿಕೊಂಡ ಏರ್ಪಾಟು ಇದು. ಕಸ ಸುರಿದವರಿಗೆ ಆಗಲೇ ದಂಡವಿತ್ತಂತೆ. ಮೊದಲು ಬೀದಿಯ ನಡುವೆ ಹರಿಯುತ್ತಿತ್ತು. 19ನೇ ಶತಮಾನದಲ್ಲಿ ಅಂಚಿಗೆ ಸರಿಸಿದರು. ಇದನ್ನು ಉಜ್ಜಿ ತೊಳೆಯಲೆಂದೇ ಪೌರಕಾರ್ಮಿಕರಿದ್ದಾರೆ. ಮಕ್ಕಳಿಗೆ ದಾರ ಕಟ್ಟಿ ಎಳೆಯುವ ಪುಟ್ಟ ಮರದ ದೋಣಿ ಮಾರುತ್ತಾರೆ. ನಾವೂ ಕೊಂಡೆವು, ಅದನ್ನು ಹೆಚ್ಚು ಹೊತ್ತು ಎಳೆದಾಡಿದ್ದು ಮಗಳಲ್ಲ, ಅವಳಪ್ಪ.

ಆಕಸ್ಮಿಕವಾಗಿ ಬೆಷ್ಲೆಗೆ ಕಾಲಿಟ್ಟವರು ಫ್ರೈಬುರ್ಗಿನವರನ್ನೇ ಮದುವೆಯಾಗುತ್ತಾರೆಂಬ ನಂಬಿಕೆ ಇಲ್ಲಿದೆ. ಅದನ್ನು ಹೇಳುವಷ್ಟರಲ್ಲಿ ಅತ್ತೆ ಸೀರೆಯ ನೆರಿಗೆ ಎತ್ತಿ ನೀರಿಗಿಳಿದಾಗಿತ್ತು. 'ಬೇಕಂತಲೇ ಇಳಿದರೆ ಲೆಕ್ಕಕ್ಕಿಲ್ಲ ತಾನೆ?' ಎಂದರು.

ಫ್ರೈಬುರ್ಗಿಗಿರುವ 'ಹಸಿರು ನಗರ' ಎಂಬ ಬಿರುದಿನ ಕಥೆ ಬೇರೆ. 1975ರಲ್ಲಿ ಹತ್ತಿರದ ವೀಲ್ ಎಂಬಲ್ಲಿ ಅಣುಸ್ಥಾವರ ಕಟ್ಟಲು ಹೊರಟಾಗ ದ್ರಾಕ್ಷಿ ಬೆಳೆಗಾರರೂ ವಿದ್ಯಾರ್ಥಿಗಳೂ ಜಾಗಕ್ಕೆ ನುಗ್ಗಿ ಕೂತರು. ಸ್ಥಾವರ ಏಳಲೇ ಇಲ್ಲ. ಆ ಹುಮ್ಮಸ್ಸಿನಲ್ಲೇ ಊರಿಗೆ ಸೌರಶಕ್ತಿಯ ಹುಚ್ಚು ಹತ್ತಿತು. ವಾಸ್ತುಶಿಲ್ಪಿ ರೋಲ್ಫ್ ಡಿಶ್ 1994ರಲ್ಲಿ ಸೂರ್ಯನತ್ತ ತಿರುಗುವ ಮನೆಯನ್ನೇ ಕಟ್ಟಿಕೊಂಡರು.

ಆ ಹಸಿರು ಬದುಕನ್ನು ನೋಡಲೆಂದು ಟ್ರಾಮ್ ಹತ್ತಿ ಊರಿನ ವೋಬಾನ್ ಬಡಾವಣೆಗೂ ಹೋದೆವು. 1992ರವರೆಗೆ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ. ಈಗ ಮನೆಗಳ ಮುಂದೆ ಕಾರು ನಿಲ್ಲಿಸುವಂತಿಲ್ಲ; ಕಾರು ಬೇಕಾದವರು ಬಡಾವಣೆಯ ಅಂಚಿನ ಗ್ಯಾರೇಜಿನಲ್ಲಿ ದುಬಾರಿ ಜಾಗ ಕೊಳ್ಳಬೇಕು. ಬೀದಿಯ ನಡುವೆಯೇ ಮಕ್ಕಳು ಸೀಮೆಸುಣ್ಣದಲ್ಲಿ ಚಿತ್ರ ಬಿಡಿಸುತ್ತಿದ್ದರು. ಚೆಂದವೇ. ಆದರೂ ಎಲ್ಲ ಬಾಲ್ಕನಿಗಳಲ್ಲೂ ಒಂದೇ ಬಗೆಯ ಓದಿದ, ಉಳ್ಳ ಮಂದಿ ಕೂತಂತೆ ನನಗೆ ಕಂಡಿತು. ಫ್ರೈಬುರ್ಗಿನ ಬಾಡಿಗೆ ಜರ್ಮನಿಯ ದುಬಾರಿ ಬಾಡಿಗೆಗಳಲ್ಲೊಂದು. ಹಸಿರಿನಲ್ಲಿ ಬದುಕುವ ಆಸೆಯಿದ್ದರೂ ಬಸ್ ಚಾಲಕನೋ ದಾದಿಯೋ ಹೊರವಲಯದ ಊರುಗಳಿಂದ ಬರಬೇಕಾದೀತು. ಪ್ರವಾಸಿಗರಿಗೆ ಈ ಬಾಡಿಗೆಯ ಬಿಸಿ ತಟ್ಟುವುದಿಲ್ಲ. ನಮ್ಮ ಹುಡುಗಿಗಂತೂ ವೋಬಾನ್‌ನಲ್ಲಿ ಕಂಡ ಕೊರತೆ ಒಂದೇ: ಅಲ್ಲಿ ದೋಣಿ ಬಿಡಲು ಬೆಷ್ಲೆ ಇರಲಿಲ್ಲ.