ಚಂಡಮಾರುತಗಳಿಗೆ ಬಲ ಹೆಚ್ಚಿದೆಯೆ?



ಬಸವಕಲ್ಯಾಣದಿಂದಾಗಲಿ ಹುಮನಾಬಾದಿನಿಂದಾಗಲಿ ಸಮುದ್ರ ನೂರಾರು ಕಿಲೋಮೀಟರ್ ದೂರ. ಚಂಡಮಾರುತದ ಚರ್ಚೆ ನಮಗೇಕೆ ಎಂದು ನೀವು ಕೇಳಬಹುದು. 2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ತೀವ್ರ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ದಡ ಸೇರಿ, ತೆಲಂಗಾಣ ದಾಟಿ ನಮ್ಮ ಕಡೆಗೇ ಬಂತು. ಹೈದರಾಬಾದಿನ ಬಡಾವಣೆಗಳು ಜಲಾವೃತವಾದವು. ಬೀದರ, ಕಲಬುರಗಿ ಜಿಲ್ಲೆಗಳ ಹೊಲಗಳಲ್ಲಿ ತೊಗರಿ, ಸೋಯಾ ಬೆಳೆ ಹಾಳಾಯಿತು. ಅದಕ್ಕೆ ಚಂಡಮಾರುತವೆಂಬ ಹೆಸರೂ ಇರಲಿಲ್ಲ! ಗಾಳಿ ಗಂಟೆಗೆ ಸುಮಾರು 62 ಕಿಲೋಮೀಟರ್ ವೇಗ ಮೀರಿದರೆ ಮಾತ್ರ ಹವಾಮಾನ ಇಲಾಖೆ ಆ ಹೆಸರು ಕೊಡುತ್ತದೆ.

ಇಂಥ ಮಾರುತಗಳ ಇಂಧನ ಬೆಚ್ಚಗಿನ ಸಮುದ್ರ. ನೀರು ಆವಿಯಾಗಿ ಮೇಲೇರಿ ಮೋಡವಾಗುವಾಗ ಬಿಡುಗಡೆಯಾಗುವ ಶಾಖವೇ ಗಾಳಿಯನ್ನು ಓಡಿಸುತ್ತದೆ. ಅಮೆರಿಕದವರು ಇದನ್ನೇ ಹರಿಕೇನ್ ಎನ್ನುತ್ತಾರೆ. ಭೂಮಿ ಬಿಸಿಯಾದಂತೆ ಸಮುದ್ರವೂ ಬಿಸಿಯಾಗುತ್ತದೆ. ಆದ್ದರಿಂದ ಮಾರುತಗಳೂ ಬಲಿಯಬೇಕು. ಇದು ತರ್ಕ. ಆದರೆ ತರ್ಕವೇ ಸಾಕ್ಷ್ಯವಲ್ಲ.

ಸಾಕ್ಷ್ಯದ ವಾದ ಕಾವೇರಿದ್ದು 2005ರಲ್ಲಿ. 1970ರ ದಶಕದಿಂದೀಚೆಗೆ ಮಾರುತಗಳ ವಿನಾಶಶಕ್ತಿ ಹೆಚ್ಚಿದೆ ಎಂದು ವಿಜ್ಞಾನಿ ಕೆರಿ ಇಮ್ಯಾನುಯೆಲ್ ಬರೆದರು. ಒಟ್ಟು ಸಂಖ್ಯೆ ಏರದಿದ್ದರೂ ಅತಿ ಪ್ರಬಲವಾದವುಗಳ ಪಾಲು ಏರಿದೆ ಎಂದು ಪೀಟರ್ ವೆಬ್‌ಸ್ಟರ್ ಮತ್ತು ಸಂಗಡಿಗರು ತೋರಿಸಿದರು. ಕ್ರಿಸ್ ಲ್ಯಾಂಡ್ಸೀ ಒಪ್ಪಲಿಲ್ಲ. ಹಿಂದೆ ಉಪಗ್ರಹಗಳು ಕಡಿಮೆ. ಹಳೆಯ ಮಾರುತಗಳ ಬಲವನ್ನು ಕಡಿಮೆ ಅಂದಾಜು ಮಾಡಿರಬಹುದು ಎಂಬುದು ಅವರ ಆಕ್ಷೇಪ. ಅವರ ಉದಾಹರಣೆ ನಮ್ಮದೇ ಕೊಲ್ಲಿಯದು: 1970ರಲ್ಲಿ ಇಂದಿನ ಬಾಂಗ್ಲಾದೇಶದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಮಾರುತದ ಬಲಕ್ಕೆ ಅಧಿಕೃತ ಅಂದಾಜೇ ಇರಲಿಲ್ಲ.

ಈ ಆಕ್ಷೇಪದಿಂದ ವಿಜ್ಞಾನಕ್ಕೆ ಲಾಭವೇ ಆಯಿತು. ಹಳೆಯ ಉಪಗ್ರಹ ಚಿತ್ರಗಳನ್ನು ಒಂದೇ ಅಳತೆಗೋಲಿನಿಂದ ಮತ್ತೆ ಅಳೆದರು. ಜಗತ್ತಿನಲ್ಲಿ ಪ್ರಬಲ ಮಾರುತಗಳ ಪಾಲು ನಾಲ್ಕು ದಶಕಗಳಲ್ಲಿ ಹೆಚ್ಚಿರುವ ಸಂಭವವಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿತು. ಒಟ್ಟು ಸಂಖ್ಯೆಯ ಬಗ್ಗೆ ಅಂಥ ಮಾತು ಹೇಳಲಿಲ್ಲ. ನಮ್ಮ ಎರಡು ಕಡಲುಗಳೂ ಒಂದೇ ದಾರಿ ಹಿಡಿದಿಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರ ಅಧ್ಯಯನದಂತೆ, ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ 2001ರಿಂದ 2019ರವರೆಗೆ ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿದವು, ಬಂಗಾಳ ಕೊಲ್ಲಿಯಲ್ಲಿ ಶೇ. 8ರಷ್ಟು ಕಡಿಮೆಯಾದವು.

ಮಳೆಯ ವಿಷಯದಲ್ಲಿ ಸಾಕ್ಷ್ಯ ಇನ್ನೂ ಗಟ್ಟಿ. ಉಷ್ಣತೆ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹುಮನಾಬಾದಿನ ರೈತನಿಗೆ ಮುಖ್ಯವಾದದ್ದು ಇದೇ. ದಡ ದಾಟಿದ ಮೇಲೆ ಗಾಳಿ ಸೋಲುತ್ತದೆ, ಮಳೆ ಸೋಲುವುದಿಲ್ಲ. ಹಾಗೆಂದು 2020ರ ಆ ಒಂದು ಮಳೆಯನ್ನೇ ತೋರಿಸಿ 'ಇದು ಹವಾಮಾನ ಬದಲಾವಣೆಯ ಫಲ' ಎಂದು ತೀರ್ಪು ಕೊಡುವಂತಿಲ್ಲ. ಬದಲಾವಣೆ ಕಾಣುವುದು ಹಲವು ವರ್ಷಗಳ ಲೆಕ್ಕದಲ್ಲಿ.

ವಾದ ಮುಗಿಯಲೆಂದು ಕೈಕಟ್ಟಿ ಕೂರಬೇಕಿಲ್ಲ. 1999ರ ಒಡಿಶಾ ಚಂಡಮಾರುತದಲ್ಲಿ ಸತ್ತವರು ಸುಮಾರು ಹತ್ತು ಸಾವಿರ. 2013ರಲ್ಲಿ ಫೈಲಿನ್ ಅದೇ ರಾಜ್ಯಕ್ಕೆ ಅಪ್ಪಳಿಸಿದಾಗ ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಮುನ್ಸೂಚನೆ ನಂಬಿ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿದ್ದರು.

ನಿಮ್ಮ ಶಾಲೆಯ ಚರ್ಚಾಸ್ಪರ್ಧೆಗೆ ಈ ವಿಷಯ ಆರಿಸಿಕೊಂಡರೆ ಮೊದಲು ತಾಲ್ಲೂಕಿನ ಅಕ್ಟೋಬರ್ ಮಳೆಯ ಹಳೆಯ ಲೆಕ್ಕ ಕೇಳಿ ಪಡೆಯಿರಿ. ಪರ, ವಿರೋಧ ಎರಡೂ ಪಕ್ಷದವರು ಅದೇ ಅಂಕಿಗಳ ಮುಂದೆ ಕುಳಿತು ಮಾತು ಆರಂಭಿಸಲಿ.