ಅನ್ನಾ ಚಾಂಡಿ: ಹೈಕೋರ್ಟ್ ಪೀಠವೇರಿದ ದೇಶದ ಮೊದಲ ಮಹಿಳೆ

ಹೆಂಗಸರಿಗೆ ಸರ್ಕಾರಿ ಕೆಲಸ ಯಾಕೆ? ಮನೆ ನೋಡಿಕೊಂಡು ಇದ್ದರೆ ಸಾಲದೇ?

ಹೆಚ್ಚೂಕಡಿಮೆ ನೂರು ವರ್ಷದ ಹಿಂದೆ ಈಗಿನ ಕೇರಳದ ಭಾಗವಾದ ತಿರುವಾಂಕೂರು ಸಂಸ್ಥಾನದಲ್ಲಿ ಈ ವಾದ ಜೋರಾಗಿತ್ತು. ಎದ್ದು ನಿಂತು ಉತ್ತರ ಕೊಟ್ಟವರು ಅನ್ನಾ ಚಾಂಡಿ.

ಹುಟ್ಟಿದ್ದು 1905ರಲ್ಲಿ. ಕೇರಳದಲ್ಲಿ ಕಾನೂನು ಪದವಿ ಪಡೆದ ಮೊದಲ ಮಹಿಳೆ ಇವರೇ. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುತ್ತಲೇ 'ಶ್ರೀಮತಿ' ಎಂಬ ಪತ್ರಿಕೆಯನ್ನೂ ತಂದರು. ಹೆಣ್ಣಿಗೆ ಉದ್ಯೋಗ ಬೇಕು, ಅವಳ ದೇಹದ ಮೇಲೆ ಅವಳದೇ ಹಕ್ಕಿರಬೇಕು ಎಂದು ಆ ಕಾಲದಲ್ಲೇ ವಾದಿಸಿದರು.

ಇನ್ನೊಂದು ವಿಷಯ ಕೇಳಿ. ತಿರುವಾಂಕೂರಿನ ಕಾನೂನಿನಲ್ಲಿ ಹೆಂಗಸರಿಗೆ ಗಲ್ಲುಶಿಕ್ಷೆಯಿಂದ ವಿನಾಯಿತಿ ಇತ್ತು. ಅನ್ನಾ ಅದನ್ನೂ ಒಪ್ಪಲಿಲ್ಲ! ಸಮಾನತೆ ಅಂದಮೇಲೆ ಹಕ್ಕೂ ಸಮ, ಹೊಣೆಯೂ ಸಮ.

1937ರಲ್ಲಿ ಮುನ್ಸಿಫ್. 1948ರಲ್ಲಿ ಜಿಲ್ಲಾ ನ್ಯಾಯಾಧೀಶೆ. 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ. ಅಲ್ಲಿಯವರೆಗೆ ದೇಶದ ಯಾವ ಹೈಕೋರ್ಟಿನಲ್ಲೂ ಮಹಿಳಾ ನ್ಯಾಯಮೂರ್ತಿ ಇರಲಿಲ್ಲ.

ಸುಪ್ರೀಂ ಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಫಾತಿಮಾ ಬೀವಿ ಬರಲು ಇನ್ನೂ 30 ವರ್ಷ ಹಿಡಿಯಿತು.

ನಿಮ್ಮೂರಿನ ಕೋರ್ಟಿನಲ್ಲಿ ಮಹಿಳಾ ನ್ಯಾಯಾಧೀಶರನ್ನು ಕಂಡಾಗ ಈ ಹೆಸರು ನೆನಪಿರಲಿ: ಅನ್ನಾ ಚಾಂಡಿ.